ಹಳೆಯ ರೈಲಿನಿಂದ ಸಿಗರೇಟು ವಾಸನೆ ಬಿಡಿಸಿದ್ದು

ಆ ವಾಸನೆ ಈ ಜನ್ಮದಲ್ಲಿ ಹೋಗುವುದಿಲ್ಲ ಎಂದವರು ನಮ್ಮ ದೊಡ್ಡಪ್ಪ. ಜೀವಮಾನವೆಲ್ಲ ಸಿಗರೇಟು ಸೇದಿ, ಕೊನೆಗೆ ಡಾಕ್ಟರಿಗೆ ಹೆದರಿ ಬಿಟ್ಟವರಾದ್ದರಿಂದ ಈ ವಿಷಯದಲ್ಲಿ ಅವರ ಮಾತಿಗೆ ತೂಕವಿತ್ತು. ಆದರೆ ನಾನು ಬಿ.ಎಸ್ಸಿ. ನಮ್ಮ ವಂಶಕ್ಕೇ ಮೊದಲನೆಯವನು, ಅದೂ ರಸಾಯನಶಾಸ್ತ್ರದಲ್ಲಿ, ಅದೂ ಎರಡನೇ ಸಲ ಕಟ್ಟಿ ಪಾಸಾದವನು. ಒಂದು ವಾಸನೆಗೆ ಹೆದರುವುದುಂಟೆ?

ವಾಸನೆ ಇದ್ದದ್ದು ಆಟದ ರೈಲಿನಲ್ಲಿ. ಆಟದ್ದು ಎಂದರೆ ನನಗೆ ಸಿಟ್ಟು ಬರುತ್ತದೆ, ಅದು ಮಾಡೆಲ್. ಅಂಗೈ ಉದ್ದದ ಎಂಜಿನ್, ಡಬ್ಬಿಗಳು, ರಟ್ಟಿನ ಸ್ಟೇಷನ್, ಸ್ಪಂಜಿನ ಮರಗಳು. ಬೆಂಗಳೂರಿನ ನಿವೃತ್ತ ಅಧಿಕಾರಿಯೊಬ್ಬರಿಂದ ಸೆಕೆಂಡ್ ಹ್ಯಾಂಡಿನಲ್ಲಿ ತಂದಿದ್ದೆ. ಆ ಪುಣ್ಯಾತ್ಮರು ಒಂದೊಂದು ಮರಕ್ಕೂ ಹೊಗೆ ಉಣಿಸಿ ಸಾಕಿದ್ದರು.

ಭಾನುವಾರ ಬೆಂಗಳೂರಿನಲ್ಲಿ ಮಾಡೆಲ್ ಪ್ರದರ್ಶನವಿತ್ತು. ಭಾಗವಹಿಸಿದವರಿಗೆ ಸರ್ಟಿಫಿಕೇಟು. ನಡೆಸುವ ಮೇಡಂ ಫೋನಿನಲ್ಲೇ, "ಆ ಸಿಗರೇಟು ಯಜಮಾನರ ರೈಲಾ? ನನಗೆ ಕೆಮ್ಮು ಬರುತ್ತೆ. ವಾಸನೆ ಹೋದ್ರೆ ತನ್ನಿ, ಇಲ್ಲದಿದ್ರೆ ಬೇಡ" ಎಂದಿದ್ದರು.

ಬೇಡ ಎಂದರೆ ಆಗುವಂತಿರಲಿಲ್ಲ. ಅಪ್ಪ ಬರುತ್ತೇನೆ ಎಂದಿದ್ದರು. ನಮ್ಮದು ದೇವನಹಳ್ಳಿ ಹತ್ತಿರದ ವಿಜಯಪುರ, ಮನೆ ಹಿಂದೆಯೇ ಗೂಡು ಬೇಯಿಸಿ ರೇಷ್ಮೆ ನೂಲು ತೆಗೆಯುವ ಶೆಡ್ಡು. ಗೂಡು ಯಾರಿಗೂ ಕಾಯುವುದಿಲ್ಲ. ತಡ ಮಾಡಿದರೆ ಒಳಗಿನ ಹುಳು ಚಿಟ್ಟೆಯಾಗಿ ತೂತು ಕೊರೆದುಬಿಡುತ್ತದೆ. ನನಗೆ ಪದವಿ ಕೊಟ್ಟ ದಿನವೂ ಅಪ್ಪ ಬಿಸಿನೀರಿನ ತೊಟ್ಟಿಯ ಮುಂದೆಯೇ ಇದ್ದರು. ನನ್ನನ್ನು ಓದಿಸಿದ್ದು ಆ ತೊಟ್ಟಿ. ಮಗನ ಕೈಗೆ ಯಾರಾದರೂ ಏನಾದರೂ ಕೊಡುವುದನ್ನು ಅವರು ಒಮ್ಮೆ ಕಣ್ಣಾರೆ ನೋಡಬೇಕಿತ್ತು.

ಸೋಪು ನೀರಿನಿಂದ ಆರಂಭಿಸಿದೆ. ಎಂಜಿನ್ನಿನ ಬಣ್ಣ ಹೋಯಿತು, ವಾಸನೆ ಉಳಿಯಿತು. ಕಾಫಿಪುಡಿ ವಾಸನೆ ಹೀರುತ್ತದೆಂದು ಎಲ್ಲೋ ಓದಿದ್ದೆ. ಅಮ್ಮನ ಡಬ್ಬಿಯೊಳಗೇ ಮರಗಳನ್ನು ಹೂತಿಟ್ಟೆ. ಹೇಳಲು ಮರೆತೆ.

ಬೆಳಿಗ್ಗೆ ದೊಡ್ಡಪ್ಪ ಲೋಟ ಮುಗಿಸಿ ಕಣ್ಣು ಮುಚ್ಚಿ ಕೂತರು. "ಇನ್ನೊಂದ್ ಲೋಟ ಕೊಡಮ್ಮ. ಎಷ್ಟ್ ವರ್ಷ ಆಗಿತ್ತು, ಒಂದು ಸೇದ್ದಂಗಾಯ್ತು."

ಅಮ್ಮ ಅನುಮಾನದಿಂದ ಡಬ್ಬಿ ಕೆದಕಿದರು. ಚಮಚದಲ್ಲಿ ಒಂದು ಮರ ಎದ್ದು ಬಂತು.

"ಏನ್ಲಾ ಇದು?"

"ಆಲದ ಮರ ಕಣಮ್ಮ."

ಮುಂದೆ ಸಾಂಬ್ರಾಣಿ ಹಾಕಿದೆ. ಕೆಂಡ ಸಿಡಿದು ಸ್ಟೇಷನ್ನಿನ ಒಂದು ಮೂಲೆ ಸುಟ್ಟಿತು. ದೊಡ್ಡಪ್ಪ ಮೂಸಿ, "ಈಗ ಸಿಗರೇಟ್ ಸೇದ್ಕೊಂಡು ದೇವಸ್ಥಾನಕ್ಕೆ ಹೋದಂಗದೆ" ಎಂದು ತೀರ್ಪು ಕೊಟ್ಟರು.

ಆಗ ನನ್ನೊಳಗಿನ ರಸಾಯನಶಾಸ್ತ್ರ ಎದ್ದು ಕೂತಿತು. ಸತತವಾಗಿ ಶಾಖ ಕೊಟ್ಟರೆ ಎಂಥ ವಾಸನೆಯೂ ಆವಿಯಾಗಲೇಬೇಕು. ಶಾಖ ನಮ್ಮ ಶೆಡ್ಡಿನಲ್ಲಿ ಧಾರಾಳ. ತೊಟ್ಟಿಯ ಮೇಲಿನ ಅಟ್ಟದಲ್ಲಿ ಇಡೀ ರೈಲ್ವೆಯನ್ನು ಹರಡಿದೆ. ನಾನು ಬಾಶೆಟ್ಟಿಹಳ್ಳಿಯ ಫ್ಯಾಕ್ಟರಿಗೆ ಶಿಫ್ಟಿಗೆ ಹೋದಾಗ ಅಪ್ಪನೇ ಏಣಿ ಹತ್ತಿ, ಒದ್ದೆ ಕೈ ಒರೆಸಿಕೊಂಡು, ಡಬ್ಬಿಗಳ ಮಗ್ಗುಲು ಬದಲಿಸುತ್ತಿದ್ದರು.

ಶನಿವಾರ ಮನೆಮಂದಿಯೆಲ್ಲ ಸಾಲಾಗಿ ನಿಂತು ಮೂಸಿದರು. ದೊಡ್ಡಪ್ಪ ಎಂಜಿನ್ನನ್ನು ನಶ್ಯದಂತೆ ಎಳೆದುಕೊಂಡರು.

"ಏನೂ ಇಲ್ಲ ಕಣ್ಲಾ. ಒಂದು ಚೂರೂ ಇಲ್ಲ. ನೀನು ಓದಿದ್ದು ಸಾರ್ಥಕ ಆಯ್ತು."

ಪದವಿ ಬಂದಾಗಲೂ ಅವರು ಈ ಮಾತು ಹೇಳಿರಲಿಲ್ಲ. ವಿನಯದಿಂದ ತಲೆ ತಗ್ಗಿಸಿದೆ.

ಆ ವಾರದ ಗೂಡನ್ನೆಲ್ಲ ಶನಿವಾರವೇ ಮುಗಿಸಿ ಅಪ್ಪ ಹೊರಟರು. ದೇವನಹಳ್ಳಿ ದಾಟಿದ ಮೇಲೆ ಬಸ್ಸು ಹತ್ತಿದವರೆಲ್ಲ ನಮ್ಮ ಪಕ್ಕದ ಸೀಟು ಬಿಟ್ಟು ಹಿಂದೆ ಹೋಗಿ ನಿಂತರು. "ಓದಿದೋರು ಅಂದ್ರೆ ಜನಕ್ಕೆ ಎಷ್ಟು ಮರ್ಯಾದೆ ನೋಡು" ಎಂದರು ಅಪ್ಪ. ನನಗೂ ಹಾಗೇ ಅನ್ನಿಸಿತು.

ಪ್ರದರ್ಶನದ ಹಾಲ್‌ನಲ್ಲಿ ರೈಲು ಜೋಡಿಸುತ್ತಿದ್ದಂತೆ ಅಕ್ಕಪಕ್ಕದವರು ಮೂಗು ಮುಚ್ಚಿದರು. ಎಲ್ಲೋ ಇಲಿ ಸತ್ತಿದೆ ಎಂದು ಮೇಜುಗಳ ಕೆಳಗೆ ಹುಡುಕಾಟ ನಡೆಯಿತು. ನಾನೂ ಉತ್ಸಾಹದಿಂದ ಬಗ್ಗಿ ಹುಡುಕಿದೆ. ಕೊನೆಗೆ ಮೇಡಂ ನಮ್ಮ ಎಂಜಿನ್ನನ್ನು ಎತ್ತಿ ಮೂಸಿ, ತಟ್ಟನೆ ಇಳಿಸಿದರು.

"ಸಿಗರೇಟು ವಾಸನೆ ಬರ್ತಿದ್ಯಾ ಮೇಡಂ?"

"ಇಲ್ಲ. ಅದೇ ಇದ್ದಿದ್ರೆ ಎಷ್ಟೋ ಚೆನ್ನಾಗಿತ್ತು."

ಆಗ ಹೊಳೆಯಿತು. ಬೆಂದ ರೇಷ್ಮೆ ಹುಳುವಿನ ವಾಸನೆ. ಹುಟ್ಟಿದಾಗಿನಿಂದ ಅದರಲ್ಲೇ ಉಸಿರಾಡುವ ನಮಗೆ ಅದು ವಾಸನೆಯಲ್ಲ, ಗಾಳಿ. ಅದನ್ನು ಹಿಡಿಯಬಲ್ಲ ಒಂದು ಮೂಗೂ ನಮ್ಮ ಮನೆಯಲ್ಲಿರಲಿಲ್ಲ, ಬಿ.ಎಸ್ಸಿ. ಮೂಗೂ ಸೇರಿದಂತೆ.

ನಾನು ಡಬ್ಬಿಗಳನ್ನು ಚೀಲಕ್ಕೆ ತುಂಬತೊಡಗಿದೆ. ಅಪ್ಪ ಮುಂದೆ ಬಂದು ಕೈ ಮುಗಿದರು. "ಅದು ಗೂಡು ಬೇಯ್ಸೋ ವಾಸ್ನೆ ತಾಯಿ. ನಮ್ಮ ಶೆಡ್ಡಿಂದು. ಹುಡುಗನ್ನ ವಾಪಸ್ ಕಳಿಸ್ಬೇಡಿ."

ಮೇಡಂ ಅಪ್ಪನ ಬಿಳಿಚಿ ಸುಕ್ಕಾದ ಬೆರಳುಗಳನ್ನು ನೋಡಿದರು. "ನಾನು ಬೇಡ ಅಂದಿದ್ದು ಸಿಗರೇಟು ವಾಸನೆ. ಅದು ಹೋಗಿದೆಯಲ್ಲ," ಎಂದರು. "ಆದ್ರೆ ಮೇಜು ಮಾತ್ರ ಹೊರಗೆ ಹಾಕ್ಕೊಳ್ಳಿ. ದಯವಿಟ್ಟು."

ನಮ್ಮ ರೈಲ್ವೆ ಹೊಂಗೆ ಮರದ ಕೆಳಗೆ, ಸ್ಕೂಟರುಗಳ ನಡುವೆ ಠಿಕಾಣಿ ಹೂಡಿತು. ನೋಡಲು ಬಂದವರಿಗೆಲ್ಲ ಅಪ್ಪ ನೂಲು ತೆಗೆಯುವ ಬಗೆಯನ್ನು ವಿವರಿಸಿದರು. ರೈಲಿನ ಬಗ್ಗೆ ಯಾರೂ ಕೇಳಲಿಲ್ಲ.

ಸಂಜೆ ನಮ್ಮನ್ನು ವೇದಿಕೆಗೆ ಕರೆಯಲಿಲ್ಲ. ಮೇಡಂ ತಾವೇ ಮರದ ಬಳಿ ಬಂದು, ಸೆರಗನ್ನು ಮೂಗಿಗೊತ್ತಿಕೊಂಡು, ಇನ್ನೊಂದು ಕೈಯನ್ನು ಆದಷ್ಟು ಉದ್ದ ಚಾಚಿ ಸರ್ಟಿಫಿಕೇಟು ಕೊಟ್ಟರು. ಅಪ್ಪ ಚಪ್ಪಾಳೆ ತಟ್ಟಿದರು, ಒಬ್ಬರೇ. ಒಂದು ಹಾಲ್ ತುಂಬುವಷ್ಟು ಜೋರಾಗಿ. ಆಮೇಲೆ ಕೈಯನ್ನು ಪಂಚೆಗೆ ಒರೆಸಿ, ಹಾಳೆಯನ್ನು ಅಂಚಿನಲ್ಲಷ್ಟೇ ಹಿಡಿದು ಬಹಳ ಹೊತ್ತು ನೋಡಿದರು.

"ಇಲ್ಲೇ ಎಲ್ಲಾದ್ರೂ ಲ್ಯಾಮಿನೇಷನ್ ಮಾಡಿಸ್ಬಿಡು ಮಗ," ಎಂದರು. "ಹಂಗೇ ಮನೆಗೆ ತಗೊಂಡೋದ್ರೆ ವಾಸ್ನೆ ಹಿಡ್ಕೊಳುತ್ತೆ."