ಊಹೂಂ ಅನ್ನಲಾರದವರ ಫ್ರಿಜ್ಜು

ಆ ಬೆಳಗ್ಗೆ ಹೂಂರಾಯರಿಂದ ಹೊರಬಿದ್ದದ್ದು ಒಂದೇ ಒಂದು ಅಕ್ಷರ. ಅದೂ ಬಾಯಿ ತೆರೆಯದೆ, ಮೂಗಿನಿಂದ.

ಅವರು ಕನ್ನಡಕದ ಗಾಜು ತಯಾರಿಸುವ ಕಾರ್ಖಾನೆಯಲ್ಲಿ ಪರೀಕ್ಷಕರು. ಕಪ್ಪು ಬಟ್ಟೆ ಹಾಸಿದ ಮೇಜಿನ ಮುಂದೆ ಕೂತು, ಗಾಜುಗಳನ್ನು ಒಂದೊಂದಾಗಿ ದೀಪಕ್ಕೆ ಹಿಡಿದು, ಕೂದಲೆಳೆಯಷ್ಟು ಗೀರಿದ್ದರೂ ತೆಗೆದು ಪಕ್ಕಕ್ಕಿಡುವುದು ಅವರ ಕೆಲಸ. ಗಾಜಿನ ವಿಷಯದಲ್ಲಿ ಅವರಷ್ಟು ನಿರ್ದಯಿ ಇನ್ನೊಬ್ಬರಿರಲಿಲ್ಲ. ಮನುಷ್ಯರ ವಿಷಯದಲ್ಲಿ ಮಾತ್ರ ಈವರೆಗೆ ಯಾರ ಮಾತನ್ನೂ ಪಕ್ಕಕ್ಕಿಟ್ಟವರಲ್ಲ. ಯಾರು ಏನೇ ಕೇಳಲಿ, ಮೊದಲು 'ಹೂಂ' ಅನ್ನುವುದು, ಕೇಳಿದ್ದು ಏನೆಂದು ಆಮೇಲೆ ಯೋಚಿಸುವುದು, ಯೋಚಿಸಿದ ಮೇಲೆ ಬೆವರುವುದು ಅವರ ಪದ್ಧತಿ. ಒಮ್ಮೆ ಯಾರೋ ತಮಾಷೆಗೆ, ನಿಮ್ಮನ್ನು ಹೂಂರಾಯರು ಅಂತ ಕರೆಯಬಹುದಾ ಎಂದು ಕೇಳಿದ್ದರು. ಅದಕ್ಕೂ ಹೂಂ ಅಂದಿದ್ದರು. ಅಂದಿನಿಂದ ಅವರ ನಿಜವಾದ ಹೆಸರು ಸಂಬಳದ ಚೀಟಿಯಲ್ಲಷ್ಟೇ ಉಳಿದಿತ್ತು.

ಅಂದು ಅವರು ಗಾಜಿನ ಅಂಚಿನಲ್ಲಿ ಒಂದು ಗೀರನ್ನು ಬೆನ್ನಟ್ಟಿ ಹೋಗಿದ್ದಾಗ ಹಿಂದಿನಿಂದ ಮ್ಯಾನೇಜರ ದನಿ ಕೇಳಿತು. ಮ್ಯಾನೇಜರು ಆಗಲೇ ನಾಲ್ಕಾರು ಮೇಜುಗಳ ಬಳಿ ನಿಂತು ಏನೋ ಕೇಳಿ, ಎಲ್ಲ ಕಡೆಯೂ ತಲೆ ಅಡ್ಡಡ್ಡ ಆಡುವುದನ್ನೇ ನೋಡಿ ಬಂದಿದ್ದರು.

"ನಿಮ್ಮ ಮನೇಲಿ ವೈನ್ ಇಡೋ ಫ್ರಿಜ್ ಇದೆಯೇನ್ರಿ? ಅಡುಗೆಮನೆ ಕೌಂಟರ್ ಕೆಳಗೆ ಕೂರುತ್ತಲ್ಲ, ಅಂಥದ್ದು?"

"ಹೂಂ," ಎಂದರು ಹೂಂರಾಯರು, ಗೀರಿನ ಕೊನೆ ಹುಡುಕುತ್ತ.

ಮುಳುಗುತ್ತಿದ್ದವರ ಕೈಗೆ ಹಗ್ಗ ಸಿಕ್ಕಂತೆ ಮ್ಯಾನೇಜರು ಅವರ ಭುಜ ಹಿಡಿದುಕೊಂಡರು. ಹೂಂರಾಯರು ತಲೆ ಎತ್ತಿ ಯೋಚಿಸಿ ಬೆವರುವ ಹೊತ್ತಿಗೆ ಅವರ ಮಡಿಲಲ್ಲಿ ಬಿಳಿ ಬಟ್ಟೆ ಸುತ್ತಿದ ಒಂದು ಬಾಟಲಿ ಇತ್ತು. ಅರ್ಧ ದಿನ ರಜೆ, ಈಗಲೇ ಮನೆಗೆ ಒಯ್ಯಿರಿ ಎಂದರು ಮ್ಯಾನೇಜರು. ಮಲಗಿಸಿಯೇ ಇಡಬೇಕು, ಅಲುಗಬಾರದು, ಬೆಳಕು ಬೀಳಬಾರದು, ಹನ್ನೆರಡು ಡಿಗ್ರಿಗಿಂತ ಬಿಸಿಯಾಗಬಾರದು. ಸಂಜೆ ತಾವೇ ಬಂದು ನೋಡುವುದಾಗಿಯೂ ಹೇಳಿದರು.

"ಇದು ಕೆಟ್ಟರೆ ನಾನು ಕೆಟ್ಟೆ," ಎಂದು ದನಿ ತಗ್ಗಿಸಿ ಸೇರಿಸಿದರು. "ನಾನು ಕೆಟ್ಟರೆ…"

ಮುಂದಿನದನ್ನು ಹೇಳುವ ಅಗತ್ಯವಿರಲಿಲ್ಲ. ಗಾಜನ್ನು ತಾನೇ ನೋಡಿ ತಾನೇ ಬೇರ್ಪಡಿಸುವ ಹೊಸ ಯಂತ್ರವೊಂದು ಕಾರ್ಖಾನೆಗೆ ಬರುವುದಿತ್ತು. ಅದು ಬಂದ ಮೇಲೆ ಇಡೀ ವಿಭಾಗದಲ್ಲಿ ಉಳಿಯುವುದು ಒಂದೇ ಕುರ್ಚಿ, ಹಿರಿಯ ಪರೀಕ್ಷಕರದು. ಅದರಲ್ಲಿ ಯಾರು ಕೂರಬೇಕೆಂದು ಈ ವಾರ ಹೇಳುವವರು ಇದೇ ಮ್ಯಾನೇಜರು.

ಹೂಂರಾಯರು ಮೆಟ್ಟಿಲ ಕೆಳಗಿನ ಕತ್ತಲಲ್ಲಿ ನಿಂತು ಹೆಂಡತಿಗೆ ಫೋನು ಮಾಡಿದರು. ಔಷಧಿ ಅಂಗಡಿಯಲ್ಲಿ ರಾತ್ರಿ ಪಾಳಿ ಮುಗಿಸಿ ಆಗಷ್ಟೇ ಮಲಗಿದ್ದ ಆಕೆ ಎಲ್ಲವನ್ನೂ ಕೇಳಿಸಿಕೊಂಡು ಎದ್ದು ಕೂತಳು.

"ನಮ್ಮನೇಲಿ ವೈನೂ ಇಲ್ಲ, ಫ್ರಿಜ್ಜೂ ಇಲ್ಲ, ನಿಮಗೆ ಬುದ್ಧೀನೂ ಇಲ್ಲ. ಈಗಲೇ ಹೋಗಿ ಊಹೂಂ ಅಂದು ಬನ್ನಿ. ಊಹೂಂನಲ್ಲೂ ಹೂಂ ಇದ್ದೇ ಇದೆ. ಮುಂದೆ ಒಂದು ಊ ಸೇರಿಸೋಕೆ ಏನ್ರೀ ಕಷ್ಟ?"

ಹೂಂರಾಯರು ತುಟಿ ಚೂಪು ಮಾಡಿಕೊಂಡು 'ಊ, ಊ' ಎಂದು ಅಭ್ಯಾಸ ಮಾಡುತ್ತ ಮ್ಯಾನೇಜರ ಕೋಣೆಯವರೆಗೆ ಹೋದರು. ಎದುರು ಬಂದ ಜವಾನ ಅವರಿಗೆ ಹಲ್ಲುನೋವೆಂದು ತಿಳಿದು ದಾರಿ ಬಿಟ್ಟ. ಬಾಗಿಲು ತಳ್ಳಿದಾಗ ಮ್ಯಾನೇಜರು ತಲೆ ಎತ್ತಿದರು.

"ಏನು, ಹೊರಟ್ರಾ?"

"ಹೂಂ," ಎಂದು ಹೂಂರಾಯರು ಹೊರಟೇಬಿಟ್ಟರು.

ಹೊರಗೆ ಬಿಸಿಲು ಬಾಣಲೆಯಂತೆ ಕಾದಿತ್ತು. ಬಸ್ಸಿನಲ್ಲಿ ಬಾಟಲಿಯನ್ನು ಎರಡೂ ತೋಳಿನ ಮೇಲೆ ಅಡ್ಡಲಾಗಿ ಮಲಗಿಸಿಕೊಂಡು, ಬೆಳಕು ಬೀಳದಂತೆ ಬಟ್ಟೆ ಮುಚ್ಚಿ, ಪ್ರತಿ ಗುಂಡಿಗೂ ತಾವೇ ಮೇಲೆದ್ದು ಕೆಳಗಿಳಿದು ಅದನ್ನು ಅಲುಗದಂತೆ ಹಿಡಿದು ನಿಂತರು. ಅವರ ಅವಸ್ಥೆ ನೋಡಲಾರದೆ ಒಬ್ಬ ಅಜ್ಜಿ ಎದ್ದು ಜಾಗ ಕೊಟ್ಟಳು. ಎಷ್ಟು ದಿನದ್ದು ಎಂದು ಮೆಲ್ಲಗೆ ಕೇಳಿದಳು. ಹೂಂರಾಯರಿಗೆ ನಿಜವಾಗಿ ಗೊತ್ತಿರಲಿಲ್ಲ, ಹಳೆಯದು ಅಂದರು. ಅಜ್ಜಿ ಕಕ್ಕಾಬಿಕ್ಕಿಯಾಗಿ ಗಂಡೋ ಹೆಣ್ಣೋ ಎಂದಳು. ಹೂಂ ಅಂದರು. ಮುಂದಿನ ನಿಲ್ದಾಣದವರೆಗೂ ಅಜ್ಜಿ ಅವರ ಕಡೆಗೂ ಗಂಟಿನ ಕಡೆಗೂ ನೋಡುತ್ತಲೇ ಇದ್ದಳು. ಆಮೇಲೆ ಚಾಲಕನ ಬಳಿ ಹೋಗಿ ಏನೋ ಪಿಸುಗುಟ್ಟಿದಳು. ಹೂಂರಾಯರು ಅಲ್ಲೇ ಇಳಿದು, ಅಂಥ ಫ್ರಿಜ್ಜೊಂದನ್ನು ಕೊಂಡೇಬಿಡಲು, ಅಂಗಡಿಯವರೆಗಿನ ಉಳಿದ ದೂರ ನಡೆದರು.

ಅಂಗಡಿಯ ಮಾರಾಟಗಾರ ತೆಳ್ಳಗಿನ ಮೀಸೆಯ, ದಪ್ಪ ಉತ್ಸಾಹದ ಮನುಷ್ಯ. ಗೋಡೆಯುದ್ದಕ್ಕೂ ಕಪ್ಪು ಗಾಜಿನ ಬಾಗಿಲಿನ ಪುಟ್ಟ ಫ್ರಿಜ್ಜುಗಳು ನೀಲಿ ಬೆಳಕು ಹೊತ್ತು ನಿಂತಿದ್ದವು. ಹೂಂರಾಯರಿಗೆ ಅವು ಸಾಲಾಗಿ ಕೂತ ಸಂದರ್ಶನ ಸಮಿತಿಯಂತೆ ಕಂಡವು. ಕೌಂಟರ್ ಕೆಳಗಿಡಲು ಎಂದು ಕೈಗೆ ಹತ್ತಿರವಿದ್ದ ಚೆಂದದ ಒಂದನ್ನು ತೋರಿಸಿದರು. ಮಾರಾಟಗಾರ ತಡೆದ.

"ಇದು ಬೆನ್ನಿಂದ ಉಸಿರಾಡೋದು ಸಾರ್. ಕೌಂಟರ್ ಕೆಳಗೆ ತುರುಕಿದರೆ ಬಿಸಿಗಾಳಿ ಹೊರಗೆ ಹೋಗಲ್ಲ, ಉಸಿರುಕಟ್ಟಿ ಸಾಯುತ್ತೆ. ನಿಮಗೆ ಮುಂದಿನಿಂದ ಉಸಿರಾಡೋದು ಬೇಕು. ನೋಡಿ, ಪಾದದ ಹತ್ತಿರ ಜಾಲರಿ ಇರೋದು."

ಅಷ್ಟು ಹೊತ್ತಿಗೆ ಹೂಂರಾಯರಿಗೆ ಹಿಂದಿನಿಂದಾಗಲಿ ಮುಂದಿನಿಂದಾಗಲಿ ಉಸಿರಾಡುವುದೇ ಕಷ್ಟವಾಗಿತ್ತು. ಮಾರಾಟಗಾರ ಬಿಡಲಿಲ್ಲ. ಕೆಂಪು ವೈನಿಗೊಂದು ತಂಪು, ಬಿಳಿ ವೈನಿಗೊಂದು ತಂಪು ಇರುವ ಎರಡು ಅಂಕಣದ್ದು ಬೇಕೋ, ಒಂದೇ ಸಾಕೋ ಎಂದ. ಬಾಗಿಲು ಎಡಕ್ಕೆ ತೆರೆಯಬೇಕೋ ಬಲಕ್ಕೋ ಎಂದ. ನಡುಕ ಕಡಿಮೆ ಇರುವುದೋ, ಸದ್ದು ಕಡಿಮೆ ಇರುವುದೋ ಎಂದ. ಎಲ್ಲದಕ್ಕೂ ಹೂಂ ಬಂತು. ಕೊನೆಗೆ ಆತ, ಯಾವ ವೈನ್ ಇಡ್ತೀರಿ ತೋರಿಸಿ ಎಂದು ಬಟ್ಟೆಯ ತುದಿ ಸರಿಸಿದ. ಅಂಟಿಸಿದ್ದ ಹೆಸರನ್ನು ಓದಿ ಅವನ ಮೀಸೆ ನಿಂತುಹೋಯಿತು. ಬಾಂಬು ಕಂಡವನಂತೆ ಒಂದು ಹೆಜ್ಜೆ ಹಿಂದೆ ಸರಿದ.

"ಇದನ್ನ ಈ ಬಿಸಿಲಲ್ಲಿ ಹೊತ್ಕೊಂಡು ಓಡಾಡ್ತಿದ್ದೀರಾ?" ಎಂದ ಮೆಲ್ಲಗೆ. ತಕ್ಷಣ ಬಾಟಲಿಯನ್ನು ಇಸಿದುಕೊಂಡು ಪ್ರದರ್ಶನದ ಫ್ರಿಜ್ಜೊಂದರಲ್ಲಿ ಮಲಗಿಸಿದ. ನಿಮ್ಮದು ಕೊಳ್ಳುವವರೆಗೆ ಮಾತ್ರ ಎಂದೂ ಹೇಳಿದ. ಕೌಂಟರ್ ಕೆಳಗಿನ ಜಾಗದ ಅಳತೆ ಎಷ್ಟೆಂದು ಕೇಳಿದ.

ಅಳತೆ ಯಾರಿಗೆ ಗೊತ್ತು. ಹಗಲಿಡೀ ಕೂದಲೆಳೆಯ ಲೆಕ್ಕದಲ್ಲಿ ಬದುಕುವ ಹೂಂರಾಯರು ತಮ್ಮ ಅಡುಗೆಮನೆಯ ಆ ಖಾಲಿ ಗೂಡನ್ನು ಈರುಳ್ಳಿ ಬುಟ್ಟಿಯ ಜಾಗವೆಂದಷ್ಟೇ ಬಲ್ಲರು. ಮತ್ತೆ ಹೆಂಡತಿಗೆ ಫೋನು ಹೋಯಿತು. ಅಳತೆಪಟ್ಟಿಯನ್ನು ಎದುರುಮನೆಯ ನಿವೃತ್ತ ನರ್ಸಮ್ಮ ಪರದೆ ಹೊಲಿಸಲು ಒಯ್ದವರು ವಾಪಸ್ಸು ಕೊಟ್ಟಿರಲಿಲ್ಲ. ಈಗ ಮನೆಯಲ್ಲೂ ಇರಲಿಲ್ಲ. ಹೆಂಡತಿ ಬುಟ್ಟಿ ಸರಿಸಿ ಕೈಯಿಂದಲೇ ಅಳೆದಳು. ಸರಿಯಾಗಿ ಆ ಗಳಿಗೆಯಲ್ಲಿ ಅಂಗಡಿಯ ಆ ಕೊನೆಯಲ್ಲಿ ಯಾರೋ ಗಿರಾಕಿಗೆ ರುಬ್ಬುವ ಯಂತ್ರ ತೋರಿಸಲು ಗುಂಡಿ ಒತ್ತಿದರು.

"ಅಗಲ ಮೂರು ಗೇಣು," ಎಂಬುದು ಕೇಳಿಸಿತು. ಅದರ ಹಿಂದೆಯೇ ಬಂದ, "ನನ್ನ ಗೇಣು ರೀ, ನಿಮ್ಮದಲ್ಲ, ಕೇಳಿಸ್ತಾ?" ಎಂಬುದು ಯಂತ್ರದೊಳಗೆ ನುಣ್ಣಗೆ ರುಬ್ಬಿಹೋಯಿತು.

"ಹೂಂ," ಎಂದರು ಹೂಂರಾಯರು.

ಗಾಜು ಹಿಡಿದು ಹಿಡಿದು ಅವರ ಬೆರಳುಗಳು ಜೇಡನ ಕಾಲಿನಂತೆ ಉದ್ದವಾಗಿದ್ದವು. ಅವನ್ನು ಪೂರ್ತಿ ಚಾಚಿ, ಫ್ರಿಜ್ಜುಗಳ ಎದೆಯ ಮೇಲೆ ಗೇಣು ಹಾಕುತ್ತ ಹೋಗಿ, ಮೂರು ಗೇಣಿಗೆ ಸರಿಯಾಗಿ ನಿಂತ ಒಂದನ್ನು ಆರಿಸಿದರು. ಮುಂದಿನಿಂದ ಉಸಿರಾಡುತ್ತದೆ, ಎಡಕ್ಕೆ ತೆರೆಯುತ್ತದೆ. ಬೆಲೆಯ ಚೀಟಿಯನ್ನು, ಎತ್ತರಕ್ಕೆ ಹೆದರುವವರು ಕೆಳಗೆ ನೋಡದಂತೆ, ನೋಡಲಿಲ್ಲ.

ಅಂಗಡಿಯ ಗಾಡಿಯವರು ಅದನ್ನು ಮೂರನೆಯ ಮಹಡಿಗೆ ಹೊತ್ತು ತಂದು, ಗೂಡಿನ ಮುಂದಿಟ್ಟು, ಒಮ್ಮೆ ಫ್ರಿಜ್ಜನ್ನೂ ಒಮ್ಮೆ ಗೂಡನ್ನೂ ನೋಡಿ, ಹೆಚ್ಚು ಮಾತಾಡದೆ ಹೊರಟುಹೋದರು. ಒಂದು ಬೆರಳಿನಷ್ಟು ಅಗಲ ಹೆಚ್ಚಾಗಿತ್ತು. ಹೆಂಡತಿ ತನ್ನ ಅಂಗೈಯನ್ನು ಗಂಡನ ಅಂಗೈಗೆ ತಾಗಿಸಿ ಹಿಡಿದಳು. ಮದುವೆಯಾದ ಹೊಸದರಲ್ಲಿ ಹಾಗೆ ಹಿಡಿದಿದ್ದಳು. ಆಗ ಮುಖದಲ್ಲಿ ಬೇರೆ ಭಾವವಿತ್ತು.

ಸದ್ದು ಕೇಳಿ ಎದುರುಮನೆಯ ನರ್ಸಮ್ಮ ಬಂದರು. ಅವರ ಹಿಂದೆ, ಯಾವುದೇ ಮನೆಗೆ ಭಾರದ ವಸ್ತು ಬಂದರೆ ವಾಸನೆ ಹಿಡಿಯುವ ಕೆಳಮಹಡಿಯ ಜಿಮ್ ಮಾಸ್ಟರ್ ಬಂದ. ಸಂಜೆಯಾಗುತ್ತಿತ್ತು. ಮ್ಯಾನೇಜರು ಬರುವಷ್ಟರಲ್ಲಿ ಫ್ರಿಜ್ಜು ಕೌಂಟರ್ ಕೆಳಗೆ ಕೂತಿರಬೇಕಿತ್ತು. ಅಂಗಡಿಯಿಂದ ವಾಪಸ್ಸು ಬಂದ ಬಾಟಲಿ ಬಚ್ಚಲ ತೊಟ್ಟಿಯ ತಣ್ಣೀರಿನಲ್ಲಿ ಒದ್ದೆ ಬಟ್ಟೆ ಹೊದ್ದು ಮಲಗಿತ್ತು. ಹೂಂರಾಯರು ನಿಮಿಷಕ್ಕೊಮ್ಮೆ ಓಡಿ ಅದರ ಹಣೆ ಮುಟ್ಟಿ ಬರುತ್ತಿದ್ದರು. ಅಂಗಡಿಗೆ ವಾಪಸ್ಸು ಕೊಟ್ಟು ಚಿಕ್ಕದು ತನ್ನಿ ಎಂದಳು ಹೆಂಡತಿ. ಅದಕ್ಕೆಲ್ಲ ಈಗ ಹೊತ್ತೆಲ್ಲಿದೆ ಎಂದರು ನರ್ಸಮ್ಮ. ಕೌಂಟರಿನ ಒಂದು ಪಕ್ಕ ಗೋಡೆಯಾದರೂ ಇನ್ನೊಂದು ಪಕ್ಕ ಬರೀ ಹಲಗೆ, ಬಗ್ಗುತ್ತೆ, ನನ್ನ ಭುಜ ಇರೋದು ಯಾತಕ್ಕೆ ಎಂದ ಜಿಮ್ ಮಾಸ್ಟರ್. ನೂಕಲೇ ಸಾರ್ ಎಂದೂ ಕೇಳಿದ. ಅದಕ್ಕೆ ಉತ್ತರ ಏನು ಬಂತೆಂದು ಹೇಳಬೇಕಿಲ್ಲ.

ನರ್ಸಮ್ಮ ಮುಂದಾಳಾದರು. ಹೆಂಡತಿ ಹಲಗೆಯ ರಂಧ್ರದಿಂದ ತಂತಿ ಹಾಯಿಸಿ ಮೊದಲೇ ಪ್ಲಗ್ಗು ಸಿಕ್ಕಿಸಿದಳು. ನರ್ಸಮ್ಮ ಫ್ರಿಜ್ಜಿನ ಎರಡೂ ಪಕ್ಕಕ್ಕೆ ಸೋಪಿನ ನೀರು ಸವರಿದರು. ಮೂವತ್ತು ವರ್ಷ ಹೆರಿಗೆ ಕೋಣೆಯಲ್ಲಿದ್ದವರಿಗೆ ಬೇರೆ ಭಾಷೆ ಬರುತ್ತಿರಲಿಲ್ಲ.

"ಗಾಬರಿ ಬೇಡ. ಉಸಿರು ಬಿಗಿ ಹಿಡಿ. ಈಗ ನೂಕು. ಇನ್ನೂ ಸ್ವಲ್ಪ. ಭುಜ ಹೋಯ್ತು ಅಂದ್ರೆ ಮೈ ತಾನಾಗಿ ಹೋಗುತ್ತೆ."

ಹಲಗೆ ನರಳಿತು. ಕೌಂಟರಿನ ಮೇಲಿನ ಕಪ್ಪುಕಲ್ಲು ಕಟಕ್ಕೆಂದಿತು. ಜಿಮ್ ಮಾಸ್ಟರ್ ನೆತ್ತರು ಮುಖಕ್ಕೇರಿಸಿಕೊಂಡು ಕೊನೆಯ ಸಲ ಒತ್ತಿದಾಗ ಫ್ರಿಜ್ಜು 'ಗುಳುಂ' ಎಂದು ಒಳಗೆ ಹೋಗಿ, ಬಗ್ಗಿದ ಹಲಗೆ ವಾಪಸ್ಸು ಒತ್ತಿ ಅದನ್ನು ಹಲ್ಲು ಕಚ್ಚಿದಂತೆ ಹಿಡಿದುಕೊಂಡಿತು. ನೀಲಿ ದೀಪ ಬೆಳಗಿತು. ನರ್ಸಮ್ಮ ಅದರ ಅಂಚನ್ನು ಬೆರಳಿಂದ ತಡವಿ ನೋಡಿದರು. ಉಗುರು ಹಾಕುವಷ್ಟೂ ಎಡೆಯಿರಲಿಲ್ಲ.

"ಇನ್ನು ಇದು ಹೊರಗೆ ಬರಲ್ಲ," ಎಂದು ಕೈ ತೊಳೆದುಕೊಂಡರು. "ಬರಲೇಬೇಕು ಅಂದ್ರೆ ಕಲ್ಲು ಒಡೀಬೇಕು. ಸಿಸೇರಿಯನ್ನೇ."

ಆಮೇಲೆ ತಮ್ಮ ಮನೆಗೆ ಹೋಗಿ ಅಳತೆಪಟ್ಟಿಯನ್ನೂ ತಂದುಕೊಟ್ಟು, ಅಳೆದು ತರಬಾರದಿತ್ತಾ ಎಂದು ಅಕ್ಕರೆಯಿಂದ ಗದರಿದರು.

ಬಾಟಲಿಯನ್ನು ಒರೆಸಿ ಮಲಗಿಸಿ ಬಾಗಿಲು ಮುಚ್ಚಿ ಸ್ವಲ್ಪ ಹೊತ್ತಿಗೇ ಕರೆಗಂಟೆ ಬಡಿಯಿತು. ಹೆಂಡತಿ ಬಾಗಿಲು ತೆರೆದಳು. ತಮ್ಮ ತಮ್ಮ ಮನೆಗೆ ಹೋಗಬೇಕೆಂದು ನರ್ಸಮ್ಮನಿಗೂ ಜಿಮ್ ಮಾಸ್ಟರಿಗೂ ಹೊಳೆಯಲಿಲ್ಲ.

ಮ್ಯಾನೇಜರು ಬೂಟು ಬಿಚ್ಚುವುದನ್ನೂ ಮರೆತು ಅಡುಗೆಮನೆಗೆ ನಡೆದು, ಫ್ರಿಜ್ಜಿನ ಮುಂದೆ ಕುಕ್ಕರಗಾಲಲ್ಲಿ ಕೂತರು. ಗಾಜಿನಾಚೆ ಬಾಟಲಿ ತೊಟ್ಟಿಲ ಕೂಸಿನಂತೆ ಮಲಗಿತ್ತು. ಮೇಲೆ ಹನ್ನೆರಡು ಎಂಬ ಅಂಕಿ ಹೊಳೆಯುತ್ತಿತ್ತು. ನೀಲಿ ಬೆಳಕಿನಲ್ಲಿ ಅವರ ಕಣ್ಣು ಒದ್ದೆಯಾದದ್ದು ಎಲ್ಲರಿಗೂ ಕಂಡಿತು. ಹೂಂರಾಯರ ಒಳಗೆ, ಬೆಳಗಿನಿಂದ ಮೊದಲ ಸಲ, ಒಂದು ಕುರ್ಚಿ ಮೆಲ್ಲಗೆ ತಮ್ಮ ಕಡೆ ತಿರುಗಿದಂತಾಯಿತು.

"ಆ ಕುರ್ಚಿ ನಿಮ್ಮದೇ ಅಂತ ತಿಳ್ಕೊಳ್ಳಿ," ಎಂದರು ಮ್ಯಾನೇಜರು. ಆಮೇಲೆ ದನಿ ತಗ್ಗಿತು. "ಇದು ನನ್ನದಲ್ಲ. ಕಾರ್ಖಾನೆ ಯಜಮಾನರದ್ದು. ಒಂದು ಸಲ ಅವರು, ನಿಮ್ಮನೇಲಿ ವೈನ್ ಫ್ರಿಜ್ ಇದೆ ತಾನೆ ಅಂದ್ರು. ನಾನು ಏನೋ ಯೋಚನೇಲಿದ್ದೆ. ಹೂಂ ಅಂದುಬಿಟ್ಟೆ."

ಹೆಂಡತಿ ಇಬ್ಬರನ್ನೂ, ಒಂದೇ ಅಚ್ಚಿನ ಎರಡು ಗಾಜನ್ನು ನೋಡುವಂತೆ, ಒಬ್ಬರಾದ ಮೇಲೆ ಒಬ್ಬರನ್ನು ನೋಡಿದಳು.

"ಅವರು ನಾಳೆ ನಮ್ಮನೆಗೆ ಊಟಕ್ಕೆ ಬರ್ತಾರೆ. ಫ್ರಿಜ್ಜಿಂದ ತಾವೇ ಬಾಟಲಿ ತೆಗೀಬೇಕು ಅಂತ ಆಸೆಯಂತೆ. ಅವರ ಮುಂದೆ ನನ್ನ ಮಾತು ಸುಳ್ಳಾದರೆ ನನ್ನ ಕೆಲಸವೂ ಹೋಗುತ್ತೆ, ನಿಮ್ಮ ಕುರ್ಚಿಯೂ ಹೋಗುತ್ತೆ." ಮ್ಯಾನೇಜರು ಎದ್ದು ಹೂಂರಾಯರ ಎರಡೂ ಕೈ ಹಿಡಿದುಕೊಂಡರು. "ಕೆಳಗೆ ವ್ಯಾನು ತಂದಿದೀನಿ. ಒಂದು ದಿನದ ಮಟ್ಟಿಗೆ ಈ ಫ್ರಿಜ್ಜು ಕೊಡಿ. ಎಳೆದರೆ ಬರುತ್ತೆ ತಾನೆ?"

ಹೆಂಡತಿ ಮ್ಯಾನೇಜರ ಬೆನ್ನ ಹಿಂದೆ ನಿಂತು ತುಟಿ ಚೂಪು ಮಾಡಿ, ಸದ್ದಿಲ್ಲದೆ, 'ಊ' ಎಂದು ತೋರಿಸಿಕೊಟ್ಟಳು. ಹೂಂರಾಯರು ನೋಡಿದರು. ಈ ಸಲ ಅವರಿಗೂ ಖಚಿತವಿತ್ತು. ತುಟಿಗಳನ್ನು ಹಾಗೆಯೇ ಚೂಪು ಮಾಡಿದರು, ಎದೆ ತುಂಬ ಉಸಿರು ತೆಗೆದುಕೊಂಡರು, ಜೀವನದಲ್ಲಿ ಮೊದಲ ಬಾರಿಗೆ ಪೂರ್ತಿ ಪದ ಹೇಳಲು ಸಿದ್ಧರಾದರು. ಮ್ಯಾನೇಜರ ಕೈ ನಡುಗುತ್ತಿತ್ತು. ಆ ನಡುಕ ಇವರ ತೋಳಿಗೆ ಹತ್ತಿ, ಕುತ್ತಿಗೆಗೆ ಏರಿ, ಅಲ್ಲೇ ಸಾಲಿನಲ್ಲಿ ಮುಂದೆ ನಿಂತಿದ್ದ 'ಊ'ವನ್ನು ಗಂಟಲೊಳಕ್ಕೆ ನೂಕಿಬಿಟ್ಟಿತು. ಹಿಂದೆ ನಿಂತಿದ್ದದ್ದು ಮಾತ್ರ ಹೊರಗೆ ಬಿತ್ತು.

"ಹೂಂ."

ನರ್ಸಮ್ಮ ತೋಳು ಮಡಚಿಕೊಂಡು ಜಿಮ್ ಮಾಸ್ಟರ್ ಕಡೆ ತಿರುಗಿದರು.

"ಸುತ್ತಿಗೆ ತಗೊಂಡ್ ಬಾ."