ಹೊಟ್ಟಿಹುಳದ ಸಾಹೇಬ

ಹೊಟ್ಟೆಬೇನೆಯ ಬೆನ್ನು ಹತ್ತಿ ನೌಕರಿ ಮಾಡುವವನು ನಗೆಯ ಪ್ರಸಂಗ ಹುಡುಕಿಕೊಂಡು ಹೋಗಬೇಕಾಗಿಲ್ಲ. ಅವೇ ಬಸ್ ಸ್ಟ್ಯಾಂಡಿಗೆ ಬಂದು ಕಾಯುತ್ತಿರುತ್ತವೆ. ಸಾವಿರದ ಒಂಬೈನೂರ ಅರವತ್ತರ ಆಚೀಚೆ ನಾನು ವಿಜಾಪುರದಲ್ಲಿ ಆರೋಗ್ಯ ಇನ್‌ಸ್ಪೆಕ್ಟರ್ ಆಗಿದ್ದೆ. ವಾಂತಿಭೇದಿ, ಆಮಶಂಕೆ, ಜಂತುಹುಳ ಹೇಗೆ ಹರಡುತ್ತವೆ, ಹೇಗೆ ತಡೆಯಬೇಕು ಎಂದು ಊರೂರು ತಿರುಗಿ ಹೇಳುವುದು ನನ್ನ ಕೆಲಸ. ನನಗೆ ಎಲ್ಲ ಗೊತ್ತು ಎಂಬ ಧೈರ್ಯ ಭಾಳ ಇತ್ತು. ಜನ ನನ್ನನ್ನು ಹೊಟ್ಟಿಹುಳದ ಸಾಹೇಬ ಎನ್ನುತ್ತಿದ್ದರು.

ಬಾವಿಯ ಪುಡಿ

ಒಂದು ಬೇಸಿಗೆಯಲ್ಲಿ ಬಬಲೇಶ್ವರದ ಒಂದು ಓಣಿಯಲ್ಲಿ ವಾಂತಿಭೇದಿ ಕಾಣಿಸಿಕೊಂಡು ಮೂರು ಮನೆಗಳಲ್ಲಿ ಜನ ಹಾಸಿಗೆ ಹಿಡಿದರು. ಎಲ್ಲರಿಗೂ ಒಂದೇ ಬಾವಿ. ರೋಗಿಗಳ ಬಟ್ಟೆಯನ್ನು ಅದರ ದಂಡೆಯ ಮೇಲೇ ಒಗೆಯುತ್ತಿದ್ದರು, ಆ ನೀರು ಮತ್ತೆ ಬಾವಿಗೇ ಇಳಿಯುತ್ತಿತ್ತು. ಒಗೆಯುವುದನ್ನು ನಿಲ್ಲಿಸಿ, ಬ್ಲೀಚಿಂಗ್ ಪುಡಿ ಕದಡಿ ಬಾವಿಗೆ ಬಿಟ್ಟೆ.

ಮರುದಿನ ಯಾರೂ ನೀರಿಗೆ ಬರಲಿಲ್ಲ. ಸರಕಾರದವರು ಬಾವಿಗೆ ವಿಷ ಹಾಕಿದ್ದಾರೆ, ಬೇಕಾದರೆ ಮೂಸಿ ನೋಡಿ ಎಂದು ಒಬ್ಬ ಮುದುಕಿ ಓಣಿಗೆಲ್ಲ ಹೇಳಿದ್ದಳು. ಹೆಂಗಸರು ಕೊಡ ಹೊತ್ತು ಹಳ್ಳದ ಕಡೆ ಹೊರಟಿದ್ದರು. ಹಳ್ಳದ ನೀರು ಇನ್ನೂ ಹೊಲಸು, ಅದನ್ನು ಕುಡಿದರೆ ಇಡೀ ಓಣಿ ಮಲಗುತ್ತಿತ್ತು. ನಾನು ಅವರನ್ನು ತಡೆದು ನಿಲ್ಲಿಸಿ, ಎಲ್ಲರ ಎದುರಿಗೆ ಒಂದು ತಂಬಿಗೆ ನೀರು ಗಟಗಟ ಕುಡಿದೆ. ನೀರಿನಲ್ಲಿ ಕಣ್ಣಿಗೆ ಕಾಣದ ಹುಳ ಇರುತ್ತವೆ, ಪುಡಿ ಅವನ್ನು ಕೊಲ್ಲುತ್ತದೆ, ಮನುಷ್ಯರಿಗೆ ಏನೂ ಆಗುವುದಿಲ್ಲ ಎಂದೆ.

ಮುದುಕಿ ನನ್ನನ್ನು ಮೇಲಿಂದ ಕೆಳಗಿನ ತನಕ ನೋಡಿದಳು. "ಅಲ್ಲೋ ಯಪ್ಪಾ, ತಂಬಗಿ ತುಂಬ ಕುಡದ್ರೂ ನಿನಗ ಏನೂ ಆಗಲಿಲ್ಲ. ಇಂಥಾ ಔಷಧಕ್ಕ ಆ ಹುಳ ಎಲ್ಲಿ ಸಾಯ್ತಾವು?"

ಓಣಿಯೆಲ್ಲ ನಕ್ಕಿತು. ನಕ್ಕ ಮೇಲೆ ಹೆದರಿಕೆ ಹೋಗಿ ಕೊಡಗಳು ಬಾವಿಗೆ ಇಳಿದವು. ಆ ವಾರ ಹೊಸದಾಗಿ ಯಾರೂ ಮಲಗಲಿಲ್ಲ. ನನ್ನ ಔಷಧಕ್ಕೆ ಜೋರಿಲ್ಲ ಎಂಬ ಮಾತನ್ನು ಮಾತ್ರ ಮುದುಕಿ ಕೊನೆಯವರೆಗೂ ಬಿಡಲಿಲ್ಲ.

ಹೊರಗಿನವು ಬಂದಿಲ್ಲ

ಅಥಣಿ ರಸ್ತೆಯ ಮಗ್ಗುಲಿಗೆ ಒಂದು ಜಿಲೇಬಿ ಅಂಗಡಿ. ಪರಾತದ ಮೇಲೆ ಜಿಲೇಬಿಗಿಂತ ನೊಣವೇ ಹೆಚ್ಚು. ಈ ನೊಣ ಚರಂಡಿಯ ಹೊಲಸಿನ ಮೇಲೆ ಕೂತು ಅದೇ ಕಾಲಿನಿಂದ ತಿನಿಸಿನ ಮೇಲೆ ಬರುತ್ತದೆ, ಬೇನೆ ಬರುವುದೇ ಹಾಗೆ, ನೊಣ ಒಳಗೆ ಬಾರದಂತೆ ಜಾಳಿಗೆಯ ಕಪಾಟು ಮಾಡಿಸಿರಿ ಎಂದು ಅಂಗಡಿಯವನಿಗೆ ಹೇಳಿದೆ. ಮನುಷ್ಯ ಮಾತು ಕೇಳಿದ. ಎಂಟು ದಿನ ಬಿಟ್ಟು ಹೋದರೆ ಹೊಸ ಕಪಾಟು ನಿಂತಿತ್ತು. ಬಗ್ಗಿ ನೋಡಿದೆ. ಒಳಗೆ ನೊಣ ಗುಂಯ್ಗುಡುತ್ತಿದ್ದವು.

ಅಂಗಡಿಯವನಿಗೆ ಒಂದಿಷ್ಟೂ ನಾಚಿಕೆಯಿಲ್ಲ. "ಇವು ನಮ್ಮ ಅಂಗಡ್ಯಾಗಿನವು ಅದಾವ್ರೀ ಸಾಹೇಬ್ರ, ಮೊದಲಿಂದ ಇಲ್ಲೇ ಇದ್ದಾವು. ಹೊರಗಿಂದ ಒಂದರ ಬಂದೈತೇನು ನೋಡ್ರಿ," ಎಂದ.

ಕಾಸಿದ ನೀರು

ಜೈನಾಪುರದಲ್ಲಿ ನೀರು ಕಾಸಿ ಕುಡಿಯುವುದರ ಬಗ್ಗೆ ಗಂಟೆಗಟ್ಟಲೆ ಮಾತಾಡಿದೆ. ಮುಗಿದ ಮೇಲೆ ಒಬ್ಬ ರೈತನ ಮನೆಯಲ್ಲಿ ಊಟಕ್ಕೆ ಕೂತೆ. ಮನೆಯಾಕೆ ನೀವು ಹೇಳಿದಂಗ ನೀರು ಕಾಸೇನ್ರಿ ಎಂದು ತಂಬಿಗೆ ತುಂಬಿ ಕೊಟ್ಟಳು. ಖುಷಿಯಿಂದ ಎರಡು ತಂಬಿಗೆ ಕುಡಿದು, ಇಷ್ಟು ಬೇಗ ಹೇಗೆ ಆರಿತು ತಾಯಿ ಎಂದು ಕೇಳಿದೆ. ಬಾಯಿ ಸುಟ್ಟೀತೆಂದು ಅರ್ಧ ಹಳ್ಳದ ನೀರು ಬೆರೆಸಿದ್ದಾಳಂತೆ.

ಮೂರು ದಿನ ನಾನು ಮನೆಯ ಹಿತ್ತಲಿಗೂ ಹಾಸಿಗೆಗೂ ಅಡ್ಡಾಡಿದೆ. ಉಪ್ಪು ಸಕ್ಕರೆ ಹಾಕಿದ ಗಂಜಿನೀರು ಕುಡಿದು ಎದ್ದು ಕೂತು ರಜೆಯ ಅರ್ಜಿ ಬರೆದೆ. ಕಾರಣದ ಜಾಗದಲ್ಲಿ ಪೆನ್ನು ಬಹಳ ಹೊತ್ತು ನಿಂತಿತು. ಕೊನೆಗೆ ಜ್ವರ ಎಂದು ಬರೆದೆ.

ಎಣ್ಣೆಯ ಡಬ್ಬಿ

ತಿಕೋಟಾದ ಒಂದು ದೊಡ್ಡ ಕೂಡುಕುಟುಂಬದ ಮನೆಯಲ್ಲಿ ಒಂಬತ್ತು ವರ್ಷದ ಹುಡುಗಿ ಬಿಳಿಚಿಕೊಂಡು, ನಾಲ್ಕು ಹೆಜ್ಜೆ ನಡೆದರೆ ಏದುಸಿರು ಬಿಡುತ್ತಿದ್ದಳು. ಹೊಲದ ಹೊಲಸು ಮಣ್ಣಿನಲ್ಲಿ ಬರಿಗಾಲಲ್ಲಿ ಅಡ್ಡಾಡಿದರೆ ಪಾದದಿಂದ ಒಳಗೆ ಹೋಗಿ ಕರುಳಿಗೆ ಕಚ್ಚಿಕೊಳ್ಳುವ ಹುಳವೊಂದಿದೆ, ಅದು ರಕ್ತ ಹೀರುತ್ತದೆ. ಅದೇ ಇರಬೇಕೆಂದು ನನಗೆ ಅನುಮಾನ. ಮನೆಯ ಹಿರಿಯ ಆ ಹುಡುಗಿಯ ಅಜ್ಜ. ಮನೆಮಂದಿಯೆಲ್ಲರ ಮಲ ಪರೀಕ್ಷೆ ಆಗಬೇಕು, ಬೆಳಿಗ್ಗೆ ಚೂರು ಚೂರು ದವಾಖಾನೆಗೆ ಕೊಡಿ ಎಂದು ಅವರಿಗೆ ಹೇಳಿದೆ. ಅಜ್ಜ ಮೊದಲು ಸಿಟ್ಟಾದರು. ಮೊಮ್ಮಗಳ ಮುಖ ನೋಡಿ ಒಪ್ಪಿದರು. ಮುಂದೆ ಮನೆಮಂದಿಗೆಲ್ಲ ಔಷಧ ಕೊಟ್ಟೆವು, ಹುಡುಗಿ ಚೇತರಿಸಿಕೊಂಡು ಶಾಲೆಗೂ ಹೋದಳು. ಆದರೆ ಹೇಳಬೇಕಾದದ್ದು ಆ ಬೆಳಗಿನ ಸಂಗತಿ.

ಅಜ್ಜ ಎಣ್ಣೆಯ ದೊಡ್ಡ ಡಬ್ಬಿಯೊಂದನ್ನು ಹೊಸ ಬಟ್ಟೆಯಿಂದ ಬಾಯಿ ಕಟ್ಟಿ, ಹೆಗಲ ಮೇಲೆ ಹೊತ್ತು ತಂದರು. ಡಾಕ್ಟರರಿಗೆ ತುಪ್ಪ ತಂದಿದ್ದಾರೆಂದು ತಿಳಿದು ಸಾಲಿನಲ್ಲಿದ್ದ ಜನ ದಾರಿ ಬಿಟ್ಟರು. ಕಂಪೌಂಡರ್ ನಗುನಗುತ್ತ ಎರಡೂ ಕೈಯಿಂದ ಇಳಿಸಿಕೊಂಡ. ಬಟ್ಟೆ ಬಿಚ್ಚಿದ ಮೇಲೆ ಅವನ ನಗು ಹೋಯಿತು.

ಮೂಗು ಹಿಡಿದು, ಇದು ಯಾರದು ಎಂದು ಕೇಳಿದೆ. ಹನ್ನೊಂದು ಮಂದಿಯದೂ ಅದರಲ್ಲೇ ಇದೆ ಎಂದರು. ಹೀಗೆ ಕೂಡಿಸಿದರೆ ಯಾರ ಹೊಟ್ಟೆಯಲ್ಲಿ ಹುಳ ಇದೆ ಎಂದು ತಿಳಿಯುವುದಿಲ್ಲ, ನಾಳೆ ಒಬ್ಬೊಬ್ಬರದು ಬೇರೆ ಬೇರೆ ತನ್ನಿರಿ ಎಂದೆ.

ಅಜ್ಜ ತಲೆಯ ಮೇಲಿನ ಪಟಗಾ ಸರಿಮಾಡಿಕೊಂಡು ನೆಟ್ಟಗೆ ನಿಂತರು.

"ಸಾಹೇಬ್ರ, ಅದೊಂದು ಮಾತು ಹೇಳಬ್ಯಾಡ್ರಿ. ನಾ ಜೀವಂತ ಇರೂತನಕ ನಮ್ಮ ಮನ್ಯಾಗ ಏನೂ ಬ್ಯಾರಿ ಮಾಡಾಂಗಿಲ್ಲ."