ತಮ್ಮನ ಮಿದುಳಿನ ಕೆಂಪು ಚುಕ್ಕೆ

ಸಂಖ್ಯಾಶಾಸ್ತ್ರ, ಅಂದರೆ ಸ್ಟ್ಯಾಟಿಸ್ಟಿಕ್ಸ್, ಓದಿದವನನ್ನು ಶುಭಕಾರ್ಯಗಳಿಗೆ ಕರೆಯಬಾರದು. ಸೊಸೆ ಕಾಲಿಟ್ಟಳು, ಮನೆಗೆ ಭಾಗ್ಯ ಬಂತು ಎಂದು ಎಲ್ಲರೂ ಹಿಗ್ಗುತ್ತಿದ್ದರೆ, ಅವನೊಬ್ಬ ಮೂಲೆಯಲ್ಲಿ ಕೂತು ‘ಕಾಕತಾಳೀಯ ಇರಬಹುದು’ ಎನ್ನುತ್ತಾನೆ. ಗೋಕಾಕದ ಕಾಲೇಜಿನಲ್ಲಿ ಅದನ್ನೇ ಕಲಿಸಿ ಪಗಾರ ತಿನ್ನುವ ನಾನೂ ಅದೇ ಜಾತಿಯವನು.

ಮೂಡಲಗಿಯಲ್ಲಿ ಬೀಜದ ಅಂಗಡಿ ಇಟ್ಟಿರುವ ನನ್ನ ತಮ್ಮ ಭರಮುವಿಗೆ ಮಾತು ತೊದಲುತ್ತದೆ. ‘ಇವನ ನಾಲಿಗಿ ಮೈಗಳ್ಳ ಐತಿ’ ಎಂದು ಅವ್ವ ಗಿರಾಕಿಗಳ ಮುಂದೆಯೇ ಅನ್ನುತ್ತಿದ್ದಳು. ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ದೊಡ್ಡ ಊರಿನ ವೈದ್ಯರೊಬ್ಬರು ತೊದಲುವವರ ಮತ್ತು ತೊದಲದವರ ಮಿದುಳಿನ ಚಿತ್ರ ತೆಗೆದು ಹೋಲಿಸುತ್ತಿದ್ದರು, ಲೆಕ್ಕ ನನ್ನದು. ಭರಮುವನ್ನೂ ಯಂತ್ರದೊಳಗೆ ಮಲಗಿಸಿದೆ. ತೊದಲುವವರ ಮಿದುಳು ಉಳಿದವರದಕ್ಕಿಂತ ಬೇರೆಯಾಗಿ ಕಂಡ ಜಾಗದಲ್ಲಿ ಒಂದು ಕೆಂಪು ಚುಕ್ಕೆ ಬಂತು. ಕುಣಿದಾಡುತ್ತ ಅದರ ಬಣ್ಣದ ಪ್ರತಿಯನ್ನು ತಮ್ಮನಿಗೆ ಕೊಟ್ಟೆ. ಅವನು ಅದಕ್ಕೆ ಕಟ್ಟು ಹಾಕಿಸಿ ಅಂಗಡಿಯಲ್ಲಿ ತೂಗುಹಾಕಿದ. ತಪ್ಪು ನಾಲಿಗೆಯದಲ್ಲ, ಮಿದುಳಿನದು ಎಂದಾದ ಮೇಲೆ ಅವ್ವನ ಬಾಯಿ ಮುಚ್ಚಿತು. ತಮ್ಮ ಗಿರಾಕಿಗಳ ಜೊತೆ ಚೌಕಾಸಿಗೂ ಇಳಿದ. ತೊದಲಿದರೂ ಮಾತು ಮುಗಿಸಿಯೇ ಬಿಡುತ್ತಿದ್ದ.

ಅಷ್ಟಕ್ಕೇ ಬಿಡಬಹುದಿತ್ತು. ಆದರೆ ನಾನು ಹೊಸದೊಂದು ಪರೀಕ್ಷೆಯ ಬಗ್ಗೆ ಓದಿದ್ದೆ. ಯಾರು ತೊದಲುವವರು, ಯಾರು ಅಲ್ಲ ಎಂಬ ಚೀಟಿಗಳನ್ನು ಕಲಸಿ, ಕಣ್ಣು ಮುಚ್ಚಿ ಹಂಚಿ, ಮತ್ತೆ ಮತ್ತೆ ಲೆಕ್ಕ ಮಾಡಬೇಕು. ಸುಳ್ಳು ಚೀಟಿಗೂ ಅಂಥದೇ ಚುಕ್ಕೆ ಬಂದರೆ ನಮ್ಮ ಚುಕ್ಕೆಯನ್ನು ನಂಬುವಂತಿಲ್ಲ. ಕಂಪ್ಯೂಟರು ವಾರಗಟ್ಟಲೆ ಗುರುಗುಟ್ಟಿತು. ಕರೆಂಟು ಹೋದಾಗೆಲ್ಲ ಮೊದಲಿನಿಂದ ಶುರು. ಕೊನೆಗೆ ನೋಡಿದರೆ ಸುಳ್ಳು ಚೀಟಿಗಳಲ್ಲೂ ಅಷ್ಟೇ ದೊಡ್ಡ ಚುಕ್ಕೆಗಳು ಬೇಕಾದಷ್ಟಿದ್ದವು.

‘ಡಾಕ್ಟರಿಗೆ ಹೇಳ್ರಿ, ಸಾಕು. ಮೂಡಲಗಿಗೆ ಯಾಕ ಹೊಂಟೀರಿ?’ ಎಂದಳು ಹುಕ್ಕೇರಿಯವಳಾದ ನನ್ನ ಹೆಂಡತಿ. ಖರೆ ಹೇಳುವುದು ನನಗೊಂದು ಚಟ. ಬಸ್ಸು ಹತ್ತಿದೆ.

ತಮ್ಮ ಎಲ್ಲವನ್ನೂ ಕೇಳಿಸಿಕೊಂಡ. ‘ಅಣ್ಣಾ, ಚೀ... ಚೀಟಿ ಕಲಸಿದಾಗ ನಾನೂ ಚಲೋ ಮಾತಾಡವರ ಗುಂಪಿನಾಗ ಇದ್ನೇನು?’

‘ಭಾಳ ಸಲ ಇದ್ದಿ.’

‘ನ... ನನಗ ಗೊತ್ತ ಆಗಲಿಲ್ಲ ನೋಡು.’

ಅವ್ವ ಅಷ್ಟರಲ್ಲಿ ಪಟವನ್ನು ಗೋಡೆಯಿಂದ ಇಳಿಸಿದ್ದಳು. ‘ನಾ ಮೊದಲ ಹೇಳಿರಲಿಲ್ಲ? ಮೈಗಳ್ಳತನ!’

‘ಹಂಗಲ್ಲವ್ವ, ಚುಕ್ಕಿ ಖಾತ್ರಿ ಆಗಲಿಲ್ಲ ಅಂದ್ರ ಏನೂ ಇಲ್ಲ ಅಂತ ಅಲ್ಲ...’ ಎಂದು ಶುರು ಮಾಡಿದೆ. ಇದು ಎಂ.ಎಸ್ಸಿ. ಹುಡುಗರಿಗೇ ತಿಳಿಯುವುದಿಲ್ಲ. ‘ನನ್ನ ಹಿರೀ ಮಗ ಸುಳ್ಳು ಹೇಳಾಂವಲ್ಲ’ ಎಂದು ಅವ್ವ ನನ್ನ ಬೆನ್ನು ಸವರಿದಳು. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಅಷ್ಟರಲ್ಲಿ ಗಿರಾಕಿಯೊಬ್ಬ ಬಂದು ಗೋವಿನಜೋಳದ ಬೀಜದ ದರ ಕೇಳಿದ. ತಮ್ಮ ಬಾಯಿ ತೆರೆಯಲಿಲ್ಲ. ನನ್ನ ಕಡೆ ಕೈ ತೋರಿಸಿದ. ಮೂವರೂ ನನ್ನನ್ನೇ ನೋಡುತ್ತ ನಿಂತರು. ತಾಸುಗಟ್ಟಲೆ ಎಲ್ಲಿಯೂ ತಡವರಿಸದೆ ಪಾಠ ಮಾಡುವ ನನಗೆ ದರವೇ ಗೊತ್ತಿರಲಿಲ್ಲ.